ಬಾಗಿಲು ಕಾಯುವವನ ತಲೆಗೆ ಕಟ್ಟಬೇಡಿ: ಅಂಗಡಿಯೊಳಗೆ ಬರುವ ಸಾಕುಪ್ರಾಣಿಗಳ ಕುರಿತು ಒಂದು ಬಹಿರಂಗ ಪತ್ರ

ಕರ್ನಾಟಕದ ಆಹಾರ ಸುರಕ್ಷತಾ ಆಯುಕ್ತರಿಗೆ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ, ಐದೂ ನಗರ ಪಾಲಿಕೆಗಳ ಆಯುಕ್ತರಿಗೆ. ಹಾಗೆಯೇ ನಾಯಿಯೊಂದಿಗೆ ದಿನಸಿ ಕೊಳ್ಳಲು ಬರುವ ನನ್ನ ಗಿರಾಕಿಗಳಿಗೆ.

ಮಾನ್ಯರೇ,

ನಾನು ದಕ್ಷಿಣ ಬೆಂಗಳೂರಿನ ಒಬ್ಬ ದಿನಸಿ ವ್ಯಾಪಾರಿ. ಅಂಗಡಿ ತಂದೆಯವರ ಕಾಲದ್ದು. ಆಗ ಕಟ್ಟೆಯ ಆಚೆ ಗಿರಾಕಿ, ಈಚೆ ಸಾಮಾನು. ಚೀಟಿ ಕೊಟ್ಟರೆ ನಾವು ತೂಗಿ, ಪೊಟ್ಟಣ ಕಟ್ಟಿ ಕೊಡುತ್ತಿದ್ದೆವು. ಗಿರಾಕಿಯ ಹಿಂದೆ ನಾಯಿ ಬಂದರೆ ಅದು ಮೆಟ್ಟಿಲ ಬಳಿ ತನ್ನ ಪಾಡಿಗೆ ಮಲಗಿರುತ್ತಿತ್ತು. ಅದಕ್ಕೂ ಬೇಳೆಗೂ ಸಂಬಂಧವೇ ಇರಲಿಲ್ಲ. ಈಗ ಕಟ್ಟೆ ಹೋಗಿ ಸಾಲು ಸಾಲು ಕಪಾಟುಗಳು ಬಂದಿವೆ. ಗಿರಾಕಿ ಟ್ರಾಲಿ ತಳ್ಳಿಕೊಂಡು ಒಳಗೆಲ್ಲ ಓಡಾಡುತ್ತಾನೆ, ನಾಯಿಯೂ ಓಡಾಡುತ್ತದೆ. ಕೆಲವು ಸಲ ಟ್ರಾಲಿಯೊಳಗೇ ಕುಳಿತು ಸವಾರಿ ಮಾಡುತ್ತದೆ.

ನಿಮ್ಮಿಂದ ನನಗೆ ಬೇಕಾಗಿರುವುದು ಒಂದು ಫಲಕ. ಆಹಾರ ಪದಾರ್ಥ ಮಾರುವ ಮಳಿಗೆಯೊಳಗೆ ಸಾಕುಪ್ರಾಣಿ ಬರುವಂತಿಲ್ಲ, ಅಂಗವಿಕಲರಿಗೆ ನೆರವಾಗುವ ತರಬೇತಿ ಪಡೆದ ನಾಯಿಗೆ ಮಾತ್ರ ಅಡ್ಡಿಯಿಲ್ಲ ಎಂದು ನಿಮ್ಮ ಇಲಾಖೆಯ ಹೆಸರಿನಲ್ಲಿ, ನಿಮ್ಮ ಮೊಹರಿನೊಂದಿಗೆ, ಬಾಗಿಲಿಗೆ ಅಂಟಿಸುವಂಥದ್ದು. ಇಷ್ಟಕ್ಕೆ ಇಷ್ಟುದ್ದದ ಪತ್ರವೇ ಎಂದು ಮೂಗು ಮುರಿಯುವ ಮೊದಲು, ಆ ಫಲಕ ಇಲ್ಲದ ಕಾರಣ ದಿನವೂ ಯಾರು ಬೈಗುಳ ತಿನ್ನುತ್ತಿದ್ದಾರೆ ಎಂಬುದನ್ನು ಕೇಳಿ.

ಅದಕ್ಕೂ ಮುಂಚೆ ಒಂದು ಮಾತು. ಪ್ರಾಣಿದ್ವೇಷಿ ಎಂಬ ಬಿರುದು ಅಂತರ್ಜಾಲದಲ್ಲಿ ನನ್ನ ಅಂಗಡಿಗೆ ಈಗಾಗಲೇ ದಯಪಾಲಿಸಲಾಗಿದೆ, ಒಂದೇ ಒಂದು ನಕ್ಷತ್ರದ ಸಮೇತ. ನಮ್ಮ ಮನೆಯಲ್ಲಿ ಬೀದಿಯಿಂದ ತಂದು ಸಾಕಿದ ಕಂದು ಬಣ್ಣದ ಒಂದು ಹೆಣ್ಣು ನಾಯಿ ಇದೆ. ಪಟಾಕಿ ಸಿಡಿದರೆ ಅದು ನನ್ನ ಮಂಚದ ಕೆಳಗೆ ಸೇರಿಕೊಳ್ಳುತ್ತದೆ. ಊಟಕ್ಕೆ ಮೊಸರನ್ನವೇ ಆಗಬೇಕು. ನಾಯಿ ಸಾಕುವವರ ಕಷ್ಟಸುಖ ನನಗೆ ಗೊತ್ತು. ಗೊತ್ತಿರುವುದರಿಂದಲೇ ಅದನ್ನು ಅಂಗಡಿಗೆ ಕರೆತರುವುದಿಲ್ಲ.

ಇನ್ನು ಕಾನೂನು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ 2011ರಲ್ಲಿ ಪರವಾನಗಿ ಮತ್ತು ನೋಂದಣಿ ನಿಯಮಾವಳಿ ಬಂತು. ಅದರ ನಾಲ್ಕನೇ ಅನುಸೂಚಿಯಲ್ಲಿ, ಇಲಿ, ಜಿರಲೆಗಳ ನಿಯಂತ್ರಣದ ಮಾತಿನ ನಡುವೆ, ಪ್ರಾಣಿ, ಪಕ್ಷಿ, ಸಾಕುಪ್ರಾಣಿಗಳನ್ನು ಆಹಾರ ಮಳಿಗೆಯ ಆವರಣದೊಳಗೆ ಬಿಡಬಾರದು ಎಂಬ ಅರ್ಥದ ಒಂದು ಸಾಲು ಇದೆ. ಗಲ್ಲಾಪೆಟ್ಟಿಗೆಯ ಮೇಲ್ಗಡೆ ನಾನು ತೂಗುಹಾಕಿರುವ ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆ ಇದೇ ನಿಯಮಾವಳಿಯ ಕೂಸು. ತಪಾಸಣೆಗೆ ಬರುವ ನಿಮ್ಮ ಅಧಿಕಾರಿ ಕಪಾಟಿನ ಹಿಂದೆ ಟಾರ್ಚು ಬಿಟ್ಟು ಇಲಿಯ ಹಿಕ್ಕೆ ಹುಡುಕುತ್ತಾರೆ, ಹುಡುಕಬೇಕಾದ್ದೇ. ಕೊರತೆ ಕಂಡರೆ ಸುಧಾರಣಾ ನೋಟಿಸ್ ಕೊಡುವ ಅಧಿಕಾರ ನಿಮ್ಮ ಇಲಾಖೆಗಿದೆ, ನೋಟಿಸ್ ಬಂದರೆ ಉತ್ತರ ಕೊಡಬೇಕಾದವನು ನಾನು. ಆದರೆ ಹಿಂದಿನ ದಿನ ಸಂಜೆ ಅದೇ ಕಪಾಟಿನ ಮುಂದೆ ಲ್ಯಾಬ್ರಡಾರ್ ಒಂದು ಬಾಲ ಅಲ್ಲಾಡಿಸುತ್ತಾ ನಿಂತಿದ್ದಾಗ, ಅದರ ಯಜಮಾನರಿಗೆ ಈ ನಿಯಮ ಹೇಳಲು ಸರ್ಕಾರದ ಪರವಾಗಿ ಅಲ್ಲಿದ್ದವಳು ಬಿಲ್ಲು ಹಾಕುವ ಹುಡುಗಿ.

ಅವಳು ಹಾವೇರಿ ಕಡೆಯವಳು. ಮಾತು ಮೆತ್ತಗೆ. ಟ್ರಾಲಿಯಲ್ಲಿ ಸಣ್ಣ ಮಕ್ಕಳನ್ನು ಕೂರಿಸಲು ಮಡಚುವ ಒಂದು ಆಸನ ಇರುತ್ತದಲ್ಲ, ಅದರಲ್ಲಿ ಬೀಗಲ್ ಜಾತಿಯ ನಾಯಿಯೊಂದನ್ನು ಕೂರಿಸಿಕೊಂಡು ಒಬ್ಬರು ಬಂದರು. ಮುಂಗಾಲು ಎರಡೂ ಹಿಡಿಕೆಯ ಮೇಲೆ. ಹೊರಗೆ ಮಳೆ ಬಿದ್ದು ನಿಂತಿತ್ತು. ನಮ್ಮ ರಸ್ತೆಯ ಕಾಲುದಾರಿ ಮಳೆಯ ಮೇಲೆ ಹೇಗಿರುತ್ತದೆಂದು ಪಾಲಿಕೆಯವರಿಗೆ ನಾನು ವಿವರಿಸಬೇಕಿಲ್ಲ. ಆ ಕಾಲುಗಳ ಕೆಸರು ಆಸನದ ಮೇಲೆ, ಆಸನಕ್ಕೆ ತಗುಲಿಕೊಂಡೇ ಕೊತ್ತಂಬರಿ ಸೊಪ್ಪಿನ ಕಟ್ಟು. ನಾಯಿಯನ್ನು ಹೊರಗೆ ಬಿಡಬಹುದೇ ಸರ್ ಎಂದು ಹುಡುಗಿ ಕೇಳಿದಳು. ಅದನ್ನು ನಾಯಿ ಎನ್ನಬೇಡ, ಅದು ನನ್ನ ಮಗು ಎಂಬ ಉತ್ತರ ಬಂತು. ಆಮೇಲೆ ಇಂಗ್ಲಿಷಿನಲ್ಲಿ ಎರಡು ಮಾತು, ಆಮೇಲೆ ಮಾಲೀಕನನ್ನು ಕರೆ ಎಂಬ ಆಜ್ಞೆ, ಆಮೇಲೆ ಮೊಬೈಲಿನಲ್ಲಿ ಅವಳ ಫೋಟೊ. ನಾನು ಬರುವಷ್ಟರಲ್ಲಿ ಹುಡುಗಿಯ ಕಣ್ಣು ತುಂಬಿತ್ತು. ಪಾಪದ ಬೀಗಲ್ ಮಾತ್ರ ಬೆಲ್ಲದ ಅಚ್ಚುಗಳ ಕಡೆ ಮೂಗು ಚಾಚಿ ತನ್ನ ಸಂಶೋಧನೆಯಲ್ಲಿ ಮುಳುಗಿತ್ತು.

ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತು ಎಂಬ ಗಾದೆ ನಮ್ಮಲ್ಲಿದೆ. ದೆಹಲಿ ನಿಯಮ ಬರೆದು ರಾಜ್ಯಕ್ಕೆ ಹೇಳಿತು, ರಾಜ್ಯ ಪರವಾನಗಿದಾರನಿಗೆ ಹೇಳಿತು, ಪರವಾನಗಿದಾರ ಮೇಲ್ವಿಚಾರಕನಿಗೆ ಹೇಳಿದ, ಅವನು ಬಾಗಿಲಲ್ಲಿ ನಿಂತ ಕಾವಲುಗಾರನಿಗೆ ಹೇಳಿದ. ಹನ್ನೆರಡು ಗಂಟೆಯ ಪಾಳಿ ಮಾಡುವ ಆ ಮನುಷ್ಯ ಕಾರಿನಿಂದ ಇಳಿದು ಬರುವವರನ್ನು ತಡೆದು ಶಾಸನ ಬೋಧಿಸಬೇಕಂತೆ. ದೊಡ್ಡ ಮಳಿಗೆಗಳಲ್ಲೂ ಇದೇ ಕಥೆ, ಅಲ್ಲಿ ಮೆಟ್ಟಿಲುಗಳು ಇನ್ನೂ ಹೆಚ್ಚು, ಅಷ್ಟೆ.

2024ರ ಮಾರ್ಚ್‌ನಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಸಾರಿಗೆ ನಿಗಮದ ಬಸ್ಸಿನಲ್ಲಿ ನಾಲ್ಕು ಗಿಳಿಗಳಿಗೆ 444 ರೂಪಾಯಿ ಟಿಕೆಟ್ ಹರಿದ ಸುದ್ದಿ ನಿಮಗೆ ನೆನಪಿರಬಹುದು. ಅಜ್ಜಿ, ಮೊಮ್ಮಗಳಿಗೆ ಶಕ್ತಿ ಯೋಜನೆಯಡಿ ಪ್ರಯಾಣ ಉಚಿತ. ಪಂಜರದ ಹಕ್ಕಿಗಳಿಗೆ ತಲಾ 111. ನಾಡೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ನನಗೆ ಆ ನಿರ್ವಾಹಕನ ಮೇಲೆ ಅಂದಿನಿಂದಲೂ ಒಂದು ಬಗೆಯ ಹೊಟ್ಟೆಕಿಚ್ಚಿದೆ. ಏಕೆಂದರೆ ಅವನ ಬೆನ್ನ ಹಿಂದೆ ನಿಗಮದ ಬರೆದ ನಿಯಮ ಇತ್ತು. ತೋರಿಸಲು ಟಿಕೆಟ್ ಇತ್ತು. ಬೇಕಾದರೆ ನಿಗಮದೊಂದಿಗೆ ಜಗಳವಾಡಿ ಎಂದು ಹೇಳುವ ದಾರಿ ಇತ್ತು. ನಮ್ಮ ಹುಡುಗಿಗೆ ಅಂಥದ್ದೇನೂ ಇಲ್ಲ.

ಗಿರಾಕಿಗಳು ಕೊಡುವ ಉತ್ತರಗಳಲ್ಲೂ ವೈವಿಧ್ಯವಿದೆ. ಕೆಲವರು ಮೊಬೈಲ್ ತೆಗೆದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸುತ್ತೋಲೆ ತೋರಿಸುತ್ತಾರೆ. ಅದು ವಸತಿ ಸಂಕೀರ್ಣಗಳ ಸಂಘಗಳು ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ ಎಂದು ಹೇಳುವ ಒಳ್ಳೆಯ ಸುತ್ತೋಲೆ. ಲಿಫ್ಟಿನಲ್ಲಿ ನಾಯಿಗೆ ಜಾಗವಿಲ್ಲ ಎಂದು ಕಾಡುವ ಸಂಘದ ಕಾರ್ಯದರ್ಶಿಗಳಿಗೆ ಅದನ್ನು ಅಗತ್ಯವಾಗಿ ತೋರಿಸಿ. ಅದರಲ್ಲಿ ತೊಗರಿಬೇಳೆಯ ಅಂಗಡಿಯ ಪ್ರಸ್ತಾಪವಿಲ್ಲ. ಇನ್ನು ಕೆಲವರು ಇದೇ ಊರಿನ ಕೆಫೆಗಳ ಚಿತ್ರ ತೋರಿಸುತ್ತಾರೆ: ನಾಯಿಗೆ ಬೇರೆ ತಟ್ಟೆ, ಬೇರೆ ತಿಂಡಿಪಟ್ಟಿ, ಪಕ್ಕದ ಮೇಜಿನಲ್ಲಿ ಮನುಷ್ಯರು ಕಾಫಿ ಕುಡಿಯುತ್ತಿರುತ್ತಾರೆ. ಅಲ್ಲಿ ನಡೆಯುವುದು ಇಲ್ಲೇಕೆ ನಡೆಯದು ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಕೊಡಬೇಕಾದವರು ನೀವು, ಮಾನ್ಯ ಆಯುಕ್ತರೇ. ಅವರ ಗೋಡೆಯ ಮೇಲೂ ಹದಿನಾಲ್ಕು ಅಂಕಿಗಳಿವೆ, ನನ್ನ ಗೋಡೆಯ ಮೇಲೂ ಇವೆ. ಒಂದೇ ನಿಯಮ ಒಂದು ಕಡೆ ಜಾಹೀರಾತಿನ ಸರಕಾಗಿ, ಇನ್ನೊಂದು ಕಡೆ ನೋಟಿಸಿನ ಭಯವಾಗಿ ಇರುವಾಗ, ನಿಯಮ ಪಾಲಿಸುವವನೇ ಮೊಂಡನಂತೆ ಕಾಣುತ್ತಾನೆ.

ಒಮ್ಮೆ ಹಿರಿಯರೊಬ್ಬರು ನನಗೆ ಮಹಾಭಾರತವನ್ನೇ ಎದುರಿಟ್ಟರು. ಧರ್ಮರಾಯನು ಸ್ವರ್ಗದ ಬಾಗಿಲಲ್ಲೂ ತನ್ನ ಹಿಂದೆ ಬಂದ ನಾಯಿಯನ್ನು ಕೈಬಿಡಲಿಲ್ಲ, ನೀನು ಯಾವ ಸೀಮೆಯ ದೊಣೆನಾಯಕ ಎಂದರು. ಪೊಮೆರೇನಿಯನ್ ಅವರ ತೋಳಿನಲ್ಲಿತ್ತು. ಮಾತು ಚೆನ್ನಾಗಿತ್ತು, ನಾನು ಚಹಾ ತರಿಸಿದೆ. ಆದರೆ ಆ ಬಾಗಿಲಲ್ಲಿ ನಾಯಿಗೆ ಪ್ರವೇಶವಿಲ್ಲ ಎಂದು ಹೇಳಲು ಬಂದು ನಿಂತವನು ಸಾಕ್ಷಾತ್ ದೇವೇಂದ್ರ. ತನ್ನ ಲೋಕದ ನಿಯಮವನ್ನು ತಾನೇ ಹೇಳಿದ, ವಾದ ಕೇಳಿದ. ದ್ವಾರಪಾಲಕನನ್ನು ಮುಂದೆ ತಳ್ಳಿ ಒಳಗೆ ಕುಳಿತಿರಲಿಲ್ಲ. ಇದನ್ನು ಹೇಳಿದಾಗ ಅವರು ನಕ್ಕು, ಪೊಮೆರೇನಿಯನ್ ಅನ್ನು ಕಾರಿನಲ್ಲಿದ್ದ ಮಗನ ಕೈಗೆ ಕೊಟ್ಟು ಬಂದು ಸಾಮಾನು ಕೊಂಡರು.

ಬೆಕ್ಕಿನ ವಿಷಯ ಬಚ್ಚಿಟ್ಟರೆ ಪ್ರಾಮಾಣಿಕತೆಯಾಗದು. ನಮ್ಮ ಹಳೆಯ ದಿನಸಿ ಮಂಡಿಗಳಲ್ಲಿ ಬೆಕ್ಕು ಸಂಬಳವಿಲ್ಲದ ನೌಕರ. ಗೋಣಿಚೀಲದ ರಾಶಿಯ ಮೇಲೆ ಅದು ಮಲಗಿದ್ದರೆ ಇಲಿ ಹತ್ತಿರ ಸುಳಿಯುತ್ತಿರಲಿಲ್ಲ. ತಂದೆಯವರ ಅಂಗಡಿಯಲ್ಲೂ ಒಂದು ಇತ್ತು, ಹಾಲಿನ ಖರ್ಚನ್ನು ಖಾತೆಯಲ್ಲಿ ಬರೆಯುತ್ತಿದ್ದರು. ಹಾಗಾದರೆ ಈಗೇಕೆ ಮಡಿವಂತಿಕೆ ಎಂದು ಕೇಳಬಹುದು. ಆಗ ಅಕ್ಕಿಯನ್ನು ಮನೆಯಲ್ಲಿ ಕೇರಿ, ಆರಿಸಿ, ಮೂರು ನೀರಿನಲ್ಲಿ ತೊಳೆದೇ ಒಲೆಗೆ ಏರಿಸುತ್ತಿದ್ದರು. ಈಗ ನಾನು ಮಾರುವುದರಲ್ಲಿ ಅರ್ಧ ಹಾಗೇ ಬಾಯಿಗೆ ಹೋಗುವಂಥದ್ದು: ಬ್ರೆಡ್ಡು, ಬನ್ನು, ಖರ್ಜೂರ, ಹೆಚ್ಚಿಟ್ಟ ಹಣ್ಣು. ಬ್ರೆಡ್ಡಿನ ಕಪಾಟು ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿದೆ. ಮಧ್ಯಮ ಗಾತ್ರದ ನಾಯಿಯ ಮೂತಿ ಸರಿಯಾಗಿ ಅಲ್ಲಿಗೇ ಬರುತ್ತದೆ. ಗಂಡು ನಾಯಿಗೆ ನೆಟ್ಟಗೆ ನಿಂತ ವಸ್ತು ಕಂಡರೆ ಗುರುತು ಹಾಕುವ ಹುಟ್ಟುಗುಣ, ಅಂಗಡಿಯಲ್ಲಿ ನೆಟ್ಟಗೆ ನಿಂತಿರುವುದು ಇಪ್ಪತ್ತೈದು ಕಿಲೋ ಅಕ್ಕಿಯ ಚೀಲ. ಇಲಿಜ್ವರದ ಸೂಕ್ಷ್ಮಾಣು ಇಲಿಯ ಮೂತ್ರದಿಂದ ಮಾತ್ರವಲ್ಲ, ಸೋಂಕು ತಗುಲಿದ ನಾಯಿಯ ಮೂತ್ರದಿಂದಲೂ ಹರಡುತ್ತದೆ. ಬೆಕ್ಕಿನ ಎಂಜಲು ಮತ್ತು ಚರ್ಮದಿಂದ ಬರುವ ಅಲರ್ಜಿಕಾರಕ ಪ್ರೋಟೀನ್ ಎಷ್ಟು ಹಗುರವೆಂದರೆ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ, ಬಟ್ಟೆಗೆ ಅಂಟಿಕೊಂಡು ಬೆಕ್ಕಿಲ್ಲದ ಮನೆಗೂ ಹೋಗುತ್ತದೆ. ಉಬ್ಬಸ ಇರುವವರಿಗೆ ಇದು ಪುಸ್ತಕದ ಮಾತಲ್ಲ.

ಭಯದ ಬಗ್ಗೆಯೂ ಹೇಳಬೇಕು. ಹೆದರಬೇಡಿ, ಅದು ಏನೂ ಮಾಡುವುದಿಲ್ಲ ಎಂಬ ಮಾತನ್ನು ನಾಯಿ ಸಾಕಿದವರೆಲ್ಲ ಹೇಳುತ್ತೇವೆ. ನಮ್ಮ ನಾಯಿ ನಮಗೆ ಏನೂ ಮಾಡುವುದಿಲ್ಲ, ನಿಜ. ಎದುರಿನವರಿಗೆ ಅದು ಗೊತ್ತಿರುವುದು ಹೇಗೆ? ಚಿಕ್ಕಂದಿನಲ್ಲಿ ಕಚ್ಚಿಸಿಕೊಂಡು, ಹೊಕ್ಕುಳ ಸುತ್ತ ಸೂಜಿ ಚುಚ್ಚಿಸಿಕೊಂಡ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಅವರಲ್ಲಿ ಒಬ್ಬರು ನಮ್ಮ ಅಂಗಡಿಯ ಮಸಾಲೆ ಸಾಲಿನ ತುದಿಯಲ್ಲಿ ನಾಯಿ ಕಂಡು ಚೀಲ ಅಲ್ಲೇ ಇಟ್ಟು ಹೊರಟುಹೋದರು. ರೇಬೀಸ್ ಒಮ್ಮೆ ಲಕ್ಷಣ ತೋರಿಸಿದರೆ ಬದುಕುವುದು ಹೆಚ್ಚುಕಡಿಮೆ ಅಸಾಧ್ಯ. ಇದೇ ಸರ್ಕಾರಿ ವ್ಯವಸ್ಥೆ 2022ರ ಕೊನೆಯಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ರಕ್ತ ಬಾರದ ಸಣ್ಣ ಪರಚು ಗಾಯವಾದರೂ ಹದಿನೈದು ನಿಮಿಷ ಸಾಬೂನು ಹಚ್ಚಿ ತೊಳೆದು ಲಸಿಕೆಗೆ ಹೋಗಬೇಕು. ಸಾಕಿದ ನಾಯಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆ, ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಕಚ್ಚಿದ ಮೇಲೆ ತೆರೆಯುವ ಪುಟ ಅದು. ನನಗೆ ಬೇಕಾಗಿರುವುದು ಅದಕ್ಕಿಂತ ಮುಂಚಿನ ಪುಟ.

ಬಟ್ಟೆ, ಪುಸ್ತಕ, ಪೀಠೋಪಕರಣ, ಬಣ್ಣ, ಮೊಳೆ ಮಾರುವವರ ಮಾತು ಬೇರೆ. ಅವರು ತಮ್ಮ ಇಚ್ಛೆಯಂತೆ ನಡೆದುಕೊಳ್ಳಲಿ. ಬಾಗಿಲಲ್ಲಿ ಸ್ಪಷ್ಟವಾಗಿ ಬರೆದು ಹಾಕಿದರೆ ಸಾಕು. ಹೋಗುವವರು ನೋಡಿಕೊಂಡು ಹೋಗುತ್ತಾರೆ. ಮಾಲ್‌ಗಳು ಹಗ್ಗ, ಲಸಿಕೆಯ ಪುಸ್ತಕ, ಬೇರೆ ಲಿಫ್ಟು ಎಂದೆಲ್ಲ ನಿಬಂಧನೆ ಹಾಕಿ ನಾಯಿಗಳನ್ನು ಬರಮಾಡಿಕೊಳ್ಳುತ್ತಿದ್ದರೆ ಅದಕ್ಕೂ ನನ್ನ ತಕರಾರಿಲ್ಲ. ನಾಯಿಗೆ ಅಲ್ಲಿ ಏನು ಸುಖ ಎಂಬುದು ಮಾತ್ರ ನನಗೆ ಇನ್ನೂ ಹೊಳೆದಿಲ್ಲ. ನುಣುಪು ನೆಲದಲ್ಲಿ ಉಗುರು ಹಿಡಿತ ಸಿಗದೆ ಹಿಂಗಾಲು ಜಾರುತ್ತದೆ. ಎಸ್ಕಲೇಟರಿನ ತುದಿಯಲ್ಲಿ ಮೆಟ್ಟಿಲು ಒಳಸೇರುವ ಕಡೆ ಲೋಹದ ಹಲ್ಲುಗಳಿರುತ್ತವೆ. ಅದರೊಳಗೆ ಉಗುರೋ ಬೆರಳೋ ಸಿಕ್ಕಿಕೊಂಡ ನಾಯಿಯನ್ನು ಬಿಡಿಸುವ ಹೊತ್ತಿಗೆ ಪಾದ ಹರಿದಿರುತ್ತದೆ. ಲಸಿಕೆಯ ಸರಣಿ ಮುಗಿಯದ ಮರಿಯನ್ನು ಮುದ್ದಿಗೆಂದು ಕರೆತರುವವರಿಗೆ ಯಾವ ಪಶುವೈದ್ಯರನ್ನಾದರೂ ಕೇಳಲು ಹೇಳುತ್ತೇನೆ: ಮರಿಗಳ ಜೀವ ತೆಗೆಯುವ ವಾಂತಿಭೇದಿ ತರುವ ಪಾರ್ವೊ ವೈರಾಣು ನೆಲದ ಮೇಲೆ ತಿಂಗಳುಗಟ್ಟಲೆ ಜೀವಂತ ಇರಬಲ್ಲದು, ಸಾಧಾರಣ ಫಿನಾಯಿಲಿಗೆ ಬಗ್ಗುವುದಿಲ್ಲ, ಹತ್ತು ನಾಯಿ ತುಳಿದ ಜಾಗದಲ್ಲಿ ಮರಿಗೆ ಅಂಟಿಕೊಳ್ಳಲು ಒಂದು ನೆಕ್ಕು ಸಾಕು. ಚಪ್ಪಟೆ ಮೂತಿಯ ಪಗ್ ಏದುಸಿರು ಬಿಡುತ್ತಾ ಬರುವುದನ್ನು ನೋಡಿ, ಎಷ್ಟು ಖುಷಿಯಾಗಿದೆ ನೋಡಿ ಎನ್ನುವವರಿದ್ದಾರೆ. ಅದಕ್ಕೆ ಉಸಿರು ಸಾಲುತ್ತಿಲ್ಲ, ಸ್ವಾಮಿ.

ಅದೇ ಮಾಲ್‌ಗಳ ಬಾಗಿಲಲ್ಲಿ ನೆರಳಿಗೆಂದು ಬಂದು ಮಲಗುವ ಬೀದಿ ನಾಯಿಯನ್ನು ಕಾವಲುಗಾರ ಕೋಲು ತೋರಿಸಿ ಓಡಿಸುತ್ತಾನೆ. ಹತ್ತು ನಿಮಿಷದ ನಂತರ ಬರುವ ಹಸ್ಕಿಗೆ ಬಾಗಿಲು ತೆರೆದು ನಿಲ್ಲುತ್ತಾನೆ. ನಮ್ಮ ಮನೆಯ ಕಂದು ನಾಯಿ ಯಾವ ಗುಂಪಿಗೆ ಸೇರುತ್ತದೋ ಕೊರಳಪಟ್ಟಿ ನೋಡಿಯೇ ನಿರ್ಧರಿಸಬೇಕು. ಇದನ್ನು ಪ್ರಾಣಿಪ್ರೀತಿ ಎಂದು ಕರೆಯಲು ನನಗೆ ನಾಲಗೆ ಏಳುವುದಿಲ್ಲ.

ಈಗ ಆ ಒಂದು ವಿನಾಯಿತಿ. ದೃಷ್ಟಿಯಿಲ್ಲದವರಿಗೆ ದಾರಿ ತೋರಿಸಲು, ಕಿವಿ ಕೇಳದವರನ್ನು ಎಚ್ಚರಿಸಲು ತರಬೇತಾದ ನಾಯಿ ಸಾಕುಪ್ರಾಣಿಯಲ್ಲ. ಅದನ್ನು ಹೊರಗೆ ನಿಲ್ಲಿಸುವುದೆಂದರೆ ಮನುಷ್ಯನನ್ನೇ ಹೊರಗೆ ನಿಲ್ಲಿಸಿದಂತೆ. ನಮ್ಮಲ್ಲಿ ಅಂಥ ನಾಯಿಗಳು ತೀರಾ ಅಪರೂಪ. ಅಪರೂಪ ಎಂಬ ಕಾರಣಕ್ಕೇ ಬಾಗಿಲಲ್ಲಿ ಅವಮಾನವಾಗುವ ಸಾಧ್ಯತೆ ಹೆಚ್ಚು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸಮಂಜಸ ಅನುಕೂಲತೆಯ, ಅಂದರೆ ಅಂಗವಿಕಲರಿಗೆ ಬೇಕಾದ ಸೂಕ್ತ ಹೊಂದಾಣಿಕೆ ಮಾಡಿಕೊಡುವುದರ, ಬಗ್ಗೆ ಮಾತನಾಡುತ್ತದೆ; ಆದರೆ ಅಂಗಡಿಯ ಬಾಗಿಲಲ್ಲಿ ಅದನ್ನು ಪಾಲಿಸುವುದು ಹೇಗೆಂದು ಕಾವಲುಗಾರನಿಗೆ ಯಾರೂ ಹೇಳಿಕೊಟ್ಟಿಲ್ಲ. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆಯ ನಿಯಮಗಳು ಇದಕ್ಕೊಂದು ಸರಳ ದಾರಿ ಮಾಡಿವೆ. ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ? ಯಾವ ಕೆಲಸಕ್ಕೆ ಇದಕ್ಕೆ ತರಬೇತಿ ಆಗಿದೆ? ಕಾಗದಪತ್ರ ಕೇಳುವಂತಿಲ್ಲ, ಕಾಯಿಲೆ ಏನೆಂದು ಕೆದಕುವಂತಿಲ್ಲ. ನಾಯಿ ಹತೋಟಿ ಮೀರಿದರೆ ಹೊರಗೆ ಕಳಿಸಬಹುದು. ಬರೀ ಮನಸ್ಸಿಗೆ ಸಮಾಧಾನ ಕೊಡುವ ಪ್ರಾಣಿಗೆ ಆ ಹಕ್ಕು ಅಲ್ಲಿಲ್ಲ. ಅಲ್ಲೂ ಕಳ್ಳದಾರಿ ಹುಡುಕಿದವರಿದ್ದಾರೆ, ಅಂತರ್ಜಾಲದಲ್ಲಿ ನೆರವಿನ ನಾಯಿಯ ಅಂಗಿ ಕೊಂಡು ಮನೆಯ ಮುದ್ದುನಾಯಿಗೆ ತೊಡಿಸಿಕೊಂಡು ಬರುವುದು ಅಲ್ಲಿಯ ಅಂಗಡಿಕಾರರಿಗೆ ದೊಡ್ಡ ತಲೆನೋವು. ಕ್ಯಾಲಿಫೋರ್ನಿಯಾ, ಫ್ಲೋರಿಡಾದಂಥ ರಾಜ್ಯಗಳು ಅದನ್ನು ಅಪರಾಧವೆಂದೇ ಘೋಷಿಸಿವೆ. ಬೆಂಗಳೂರಿಗೆ ಆ ಅಂಗಿ ಬರಲು ಎಷ್ಟು ಹೊತ್ತು? ಅದು ಬರುವ ಮೊದಲೇ ಆ ಎರಡು ಪ್ರಶ್ನೆಗಳನ್ನು ಕನ್ನಡದಲ್ಲಿ ನಮ್ಮ ಕೈಗೆ ಕೊಡಿ.

ನಾನು ಹೊಸ ನಿಷೇಧ ಕೇಳುತ್ತಿದ್ದೇನೆ ಎಂದು ದಯವಿಟ್ಟು ತಿಳಿಯಬೇಡಿ. ನಿಷೇಧಗಳ ಗತಿ ಈ ಊರಿನಲ್ಲಿ ಏನಾಗುತ್ತದೆಂದು ಕಂಡಿದ್ದೇವೆ. 2018ರಲ್ಲಿ ಹಿಂದಿನ ಮಹಾನಗರ ಪಾಲಿಕೆ ಫ್ಲಾಟಿಗೆ ಒಂದು ನಾಯಿ, ಸ್ವತಂತ್ರ ಮನೆಗೆ ಮೂರು ಎಂದು ಉಪವಿಧಿ ತಂದಿತು; ಕೂಗೆದ್ದಿತು, ಕಡತ ಕಪಾಟು ಸೇರಿತು. 2022ರಲ್ಲಿ ಕಬ್ಬನ್ ಉದ್ಯಾನಕ್ಕೆ ನಾಯಿಗಳೇ ಬರಬಾರದು ಎಂದು ಹೊರಟ ತೋಟಗಾರಿಕೆ ಇಲಾಖೆ ಕೂಡ ಹಿಂದೆ ಸರಿಯಿತು. ಸರಿಯಾದದ್ದೇ, ಉದ್ಯಾನ ನಾಯಿಗೂ ಬೇಕು. ಓಡಾಡಲು ಬಯಲಿಲ್ಲದ ಊರಿನಲ್ಲಿ ಜನ ನಾಯಿಯನ್ನು ಹವಾನಿಯಂತ್ರಿತ ಮಳಿಗೆಗೆ ಕರೆತರುತ್ತಿದ್ದಾರೆ ಎಂದರೆ ಅದರಲ್ಲಿ ನಿಮ್ಮ ಪಾಲೂ ಇದೆ. ವಾರ್ಡಿಗೊಂದು ಬೇಲಿ ಹಾಕಿದ ಬಯಲು ಕೊಟ್ಟು ನೋಡಿ, ನನ್ನ ಅಂಗಡಿಯ ಅರ್ಧ ಜಗಳ ಅಲ್ಲೇ ಕರಗುತ್ತದೆ.

ಜರ್ಮನಿಯಲ್ಲಿ ದಿನಸಿ ಅಂಗಡಿಗಳ ಬಾಗಿಲಲ್ಲಿ ನಾಯಿಯ ಚಿತ್ರವಿರುವ ಒಂದು ಚೀಟಿ ಅಂಟಿಸಿರುತ್ತಾರೆ. ನಾವು ಹೊರಗೇ ಇರಬೇಕು ಎಂದು ನಾಯಿಗಳೇ ಹೇಳುವಂತೆ ಅದರಲ್ಲಿ ಬರೆದಿರುತ್ತದೆ. ಯಾರೂ ಯಾರಿಗೂ ಬಾಯಿಬಿಟ್ಟು ಹೇಳಬೇಕಿಲ್ಲ. ಅಂಥದ್ದನ್ನು ನೀವು ಸಿದ್ಧಪಡಿಸಿ. ಆಹಾರ ಸುರಕ್ಷತೆಯ ಫಲಕಗಳನ್ನು ಮಳಿಗೆಗಳಲ್ಲಿ ಹಾಕುವ ಪದ್ಧತಿಯನ್ನು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವೇ ತಂದಿದೆ, ಅದಕ್ಕೇ ಒಂದು ಸಾಲು ಸೇರಿದರೂ ಆದೀತು. ಪಾಲಿಕೆಗಳು ವ್ಯಾಪಾರ ಪರವಾನಗಿ ನವೀಕರಿಸುವಾಗ ಕೈಗೆ ಕೊಟ್ಟು ಕಳಿಸಲಿ. ಕೆಫೆಗಳಿಗೆ ಅನ್ವಯಿಸುವುದು ಏನು, ಹೊರಾಂಗಣದ ಮೇಜುಗಳಿಗೆ ಅವಕಾಶ ಇದೆಯೋ ಇಲ್ಲವೋ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿಬಿಡಿ, ನಮ್ಮ ತಲೆ ಉಳಿಯುತ್ತದೆ. ಫಲಕದಲ್ಲಿ ಕನ್ನಡ ಶೇ 60ರಷ್ಟು ಇರಬೇಕು ಎಂಬ ನಿಮ್ಮದೇ ಕಾನೂನನ್ನು ಮಾತ್ರ ಮರೆಯಬೇಡಿ, ಮತ್ತೆ ಅದಕ್ಕೂ ನೋಟಿಸ್ ನನಗೇ ಬರುತ್ತದೆ.

ನನ್ನ ಗಿರಾಕಿಗಳಿಗೆ: ನಾಯಿಯನ್ನು ಹೊರಗಿನ ಕಂಬಕ್ಕೆ ಕಟ್ಟಿ ಒಳಗೆ ಬರಬೇಡಿ. ನಮ್ಮ ಬೀದಿಯ ನಾಯಿಗಳಿಗೆ ಅದು ಪರಕೀಯ, ಬಿಸಿಲಿಗೆ ಅದು ಅನಾಥ, ಕಳ್ಳರಿಗೆ ಬೆಲೆಬಾಳುವ ಸರಕು. ಕಾರಿನ ಗಾಜು ಏರಿಸಿ ಬಿಟ್ಟು ಬರುವುದಂತೂ ಬೇಡವೇ ಬೇಡ. ನಡಿಗೆಗೆ ಹೊರಟವರು ದಾರಿಯಲ್ಲಿ ಏನಾದರೂ ಬೇಕಾದರೆ ಮೆಟ್ಟಿಲ ಬಳಿಯೇ ನಿಂತು ಕೂಗಿ. ಹಳೆಯ ಕಟ್ಟೆ ವ್ಯಾಪಾರವನ್ನು ನಾವು ಪೂರ್ತಿ ಮರೆತಿಲ್ಲ. ಸಾಮಾನು ನಿಮ್ಮ ಕೈಗೇ ಬರುತ್ತದೆ, ನಾಯಿಗೆ ಒಂದು ಬಟ್ಟಲು ನೀರೂ ಬರುತ್ತದೆ. ಸಿಟ್ಟು ಬಂದರೆ ನನ್ನ ಮೇಲೆ ತೀರಿಸಿಕೊಳ್ಳಿ, ಬಿಲ್ಲು ಹಾಕುವವಳ ಫೋಟೊ ತೆಗೆಯಬೇಡಿ.

ಮಾನ್ಯ ಆಯುಕ್ತರೇ, ಸದ್ಯಕ್ಕೆ ನಾನು ರಟ್ಟಿನ ಮೇಲೆ ಕೈಯಲ್ಲೇ ಬರೆದು ಒಂದು ಸೂಚನೆ ತೂಗುಹಾಕಿದ್ದೇನೆ. ಇದು ಯಾರ ಆದೇಶ ಎಂದು ಮೊದಲ ದಿನವೇ ಒಬ್ಬರು ಕೇಳಿದರು. ನಾಲ್ಕನೇ ಅನುಸೂಚಿಯ ಇಂಗ್ಲಿಷ್ ಪ್ರತಿಯನ್ನು ಮುದ್ರಿಸಿ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದೇನೆ. ಓದುವ ತಾಳ್ಮೆ ಇರುವವರು ಕಡಿಮೆ. ನಿಮ್ಮ ಇಲಾಖೆಯಿಂದ ಕನ್ನಡದ ಪಠ್ಯ, ಆದೇಶದ ಸಂಖ್ಯೆ, ದಿನಾಂಕ ಇಷ್ಟು ಬಂದರೆ ಸಾಕು. ಮುದ್ರಣದ ಖರ್ಚನ್ನು ನಾವು ವ್ಯಾಪಾರಿಗಳು ನೋಡಿಕೊಳ್ಳುತ್ತೇವೆ.

ಇಂತಿ,
ದಕ್ಷಿಣ ಬೆಂಗಳೂರಿನ ಒಬ್ಬ ದಿನಸಿ ವ್ಯಾಪಾರಿ